ರಾಗಿ ತೆನೆಯ ಬಟ್ಟೆ ಒಗೆದ ಶನಿವಾರ

ಬಟ್ಟೆ ಒಗೆಯುವುದು ಯಾವ ಮಹಾವಿದ್ಯೆ? ನೀರಿರಬೇಕು, ಸೋಪಿರಬೇಕು, ತೋಳಲ್ಲಿ ಒಂದಿಷ್ಟು ಬಲ ಇರಬೇಕು. ಈ ಮೂರೂ ನನ್ನ ಬಳಿ ಇದ್ದವು. ಇಲ್ಲದಿದ್ದದ್ದು ಯಾವುದು ಎಂದು ತಿಳಿಯುವಷ್ಟರಲ್ಲಿ ಶನಿವಾರ ಸಂಜೆಯಾಗಿತ್ತು!

ನಾನು ಚೌರಪ್ಪ, ತೆರಕಣಾಂಬಿಯವನು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಮೂವತ್ತೊಂದು ವರ್ಷ ಕಂಡಕ್ಟರಾಗಿ ಸೀಟಿ ಊದಿ ನಿವೃತ್ತನಾದವನು. ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನ, ಎರಡು ಮೇಕೆ, ನಾಲ್ಕು ಮೂಟೆ ಟೊಮ್ಯಾಟೊ ತುಂಬಿ, ಬಾಗಿಲಲ್ಲಿ ನೇತಾಡಿಕೊಂಡು 'ಒಳಗೆ ಖಾಲಿ ಇದೆ, ಮುಂದಕ್ಕೆ ಹೋಗಿ' ಎಂದು ಧೈರ್ಯವಾಗಿ ಕೂಗಿದವನು. ಜನರನ್ನೇ ಮಡಿಸಿ ಜೋಡಿಸಿದವನಿಗೆ ಬಟ್ಟೆ ಮಡಿಸುವುದು ಎಷ್ಟರ ಕೆಲಸ ಎಂಬುದು ನನ್ನ ವಾದವಾಗಿತ್ತು.

ನನ್ನ ಹೆಂಡತಿ ಲೂರ್ದಮ್ಮ ಈ ವಾದವನ್ನು ಒಪ್ಪಲಿಲ್ಲ. ಆದರೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

ಗುಂಡ್ಲುಪೇಟೆಯಲ್ಲಿರುವ ನಮ್ಮ ಪುಟ್ಟ ಚರ್ಚಿನ ಪೀಠದ ಬಟ್ಟೆಗಳನ್ನು ಇಪ್ಪತ್ತಾರು ವರ್ಷದಿಂದ ಒಗೆಯುತ್ತಿದ್ದವಳು ಅವಳೇ. ಪೀಠ ಎಂದರೆ ಫಾದರ್ ನಿಂತು ಪೂಜೆ ಮಾಡುವ ಮೇಜು. ಅದಕ್ಕೆ ಹಾಸುವ ದೊಡ್ಡ ಬಟ್ಟೆ ಒಂದು. ಅದರ ಮೇಲೆ ಪ್ರಸಾದದ ರೊಟ್ಟಿಯನ್ನೂ ಪಾನಪಾತ್ರೆಯನ್ನೂ ಇಡಲು ಹಾಸುವ ಚೌಕ ಒಂದು. ಪಾತ್ರೆ ಒರೆಸುವ ಚಿಕ್ಕವು ನಾಲ್ಕು. ಎಲ್ಲವೂ ಲಿನನ್, ಎಲ್ಲವೂ ಬಿಳಿ. ಇವಕ್ಕೆ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರುಗಳಿವೆಯಂತೆ. ಲೂರ್ದಮ್ಮನಿಗೆ ಮಾತ್ರ ದೊಡ್ಡದು, ಚೌಕ, ಚಿಕ್ಕವು, ಅಷ್ಟೇ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಇವುಗಳಿಗೆ ಎಣ್ಣೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಸ್ನಾನದ ಉಪಚಾರ ನಡೆಯುತ್ತಿತ್ತು.

ಕಳೆದ ದಸರೆಯ ಹಿಂದಿನ ವಾರ ಲೂರ್ದಮ್ಮ ಒಲೆಯ ಮುಂದೆ ಕುಸಿದಳು. ಲಕ್ವ. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು, ನಿಧಾನವಾಯಿತು. ಆಸ್ಪತ್ರೆಯಿಂದ ಬಂದವಳು ಮೊದಲು ಕೇಳಿದ್ದು ತನ್ನ ಕೈಯನ್ನಲ್ಲ.

"ಚೀಲ ಯಾರ ಮನೆಗೆ ಓಯ್ತು?" ಎಂದಳು. ಬಟ್ಟೆಗಳ ಚೀಲ!

"ಎಲ್ಲೂ ಹೋಗಿಲ್ಲ, ಸಿಸ್ಟರ್ ಹತ್ರಾನೇ ಅದೆ. ನೀನು ಎದ್ದ ಮೇಲೆ ನೀನೇ ಒಗಿ" ಎಂದೆ. ಆರು ತಿಂಗಳು ಅದೇ ಸುಳ್ಳಿನ ಮೇಲೆ ಬಸ್ಸು ಓಡಿತು. ಅಷ್ಟರಲ್ಲಿ, ಅಲ್ಲಿಯವರೆಗೆ ಬಟ್ಟೆ ಒಗೆಯುತ್ತಿದ್ದ ಕಾನ್ವೆಂಟಿನ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಪಾಸ್ಕ ಹಬ್ಬ, ಅಂದರೆ ಈಸ್ಟರ್, ಹತ್ತಿರ ಬಂತು.

ಪಾಸ್ಕಕ್ಕೂ ಕ್ರಿಸ್ಮಸ್ಸಿಗೂ ಮಾತ್ರ ಹೊರಗೆ ತೆಗೆಯುವ ದೊಡ್ಡ ಬಟ್ಟೆ ಒಂದಿತ್ತು. ಅದರ ಅಂಚಿನ ತುಂಬ ಲೂರ್ದಮ್ಮನೇ ಹಾಕಿದ ಕಸೂತಿ. ಆಗಿದ್ದ ಹಳೆಯ ಫಾದರ್ ಗೋಧಿ ತೆನೆ ಹಾಕು ಎಂದಿದ್ದರು. ನಮ್ಮ ಕಡೆ ಗೋಧಿಯನ್ನು ಯಾರು ಕಂಡಿದ್ದಾರೆ? ಹಿಟ್ಟಾದ ಮೇಲೆ ಕಂಡಿದ್ದೇವೆ ಅಷ್ಟೇ! ಲೂರ್ದಮ್ಮ ತನಗೆ ಗೊತ್ತಿದ್ದ ತೆನೆ ಹಾಕಿದಳು. ಐದು ಬೆರಳು ಒಳಕ್ಕೆ ಮಡಚಿದಂಥ ರಾಗಿ ತೆನೆ, ಸಾಲಾಗಿ ಇಪ್ಪತ್ತನಾಲ್ಕು. ಫಾದರ್ ನೋಡಿ, "ಏಸುಸ್ವಾಮಿ ತೆರಕಣಾಂಬಿಯಲ್ಲಿ ಹುಟ್ಟಿದ್ದರೆ ಇದನ್ನೇ ಉಣ್ಣುತ್ತಿದ್ದರು" ಎಂದು ಹಾಸಿಬಿಟ್ಟರು. ಅಂದಿನಿಂದ ವರ್ಷಕ್ಕೆರಡು ಸಲ ಪೀಠದ ಮೇಲೆ ರಾಗಿ ಬೆಳೆಯುತ್ತಿತ್ತು.

ಆ ಬೆರಳುಗಳು ಇನ್ನೊಮ್ಮೆ ಸೂಜಿ ಹಿಡಿಯುವುದಿಲ್ಲ ಎಂದು ಡಾಕ್ಟರು ನನ್ನ ಹತ್ತಿರ ಹೇಳಿದ್ದರು. ನಾನು ಅವಳಿಗೆ ಹೇಳಿರಲಿಲ್ಲ. ಅವಳ ಕೈಯ ಕೆಲಸವೆಂದು ಈ ಲೋಕದಲ್ಲಿ ಉಳಿದಿದ್ದದ್ದು ಆ ಒಂದು ಬಟ್ಟೆ.

ಹಬ್ಬಕ್ಕೆ ಮುಂಚಿನ ಗುರುವಾರದ ಪೂಜೆ ಮುಗಿದ ಮೇಲೆ ಪೀಠದ ಬಟ್ಟೆಗಳನ್ನೆಲ್ಲ ತೆಗೆದುಬಿಡುವುದು ಪದ್ಧತಿ. ಪಾಸ್ಕದವರೆಗೆ ಪೀಠ ಬರಿಮೈಯಲ್ಲಿರುತ್ತದೆ. ಹೊಸ ಫಾದರ್ ಕರಾವಳಿ ಕಡೆಯ ಹುಡುಗರು, ಮೆದು ಮಾತಿನವರು. ಕಪಾಟಿನಿಂದ ರಾಗಿ ತೆನೆಯ ಬಟ್ಟೆಯನ್ನೂ ತೆಗೆದು, ಎಲ್ಲವನ್ನೂ ಚೀಲಕ್ಕೆ ಹಾಕುತ್ತಾ, "ಚೌರಪ್ಪನವರೇ, ಲೂರ್ದಮ್ಮನವರಿಗೆ ಕಷ್ಟ. ಚಾಮರಾಜನಗರದಲ್ಲಿ ಒಳ್ಳೆಯ ಲಾಂಡ್ರಿ ಇದೆಯಂತೆ, ಅಲ್ಲಿಗೇ ಕೊಟ್ಟುಬಿಡೋಣ" ಎಂದರು.

"ಫಾದರ್! ನಾನು ಜೀವಂತ ಇರುವಾಗ ಲಾಂಡ್ರಿಯೇ?" ಎಂದು ಚೀಲವನ್ನು ಕಿತ್ತುಕೊಂಡೆ. ಮನೆಗೆ ಬಂದು ಮಂಚದ ಮೇಲಿಟ್ಟೆ. ಲೂರ್ದಮ್ಮ ಎಡಗೈಯಿಂದ ಚೀಲವನ್ನು ಸವರಿದಳು. ಆರು ತಿಂಗಳಲ್ಲಿ ಅವಳ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ.

"ನೀವು ಒಗಿತೀರಾ?"

"ನೀನು ಹೇಳು, ನಾನು ಒಗಿತೀನಿ. ಕೈ ನಂದು, ಬುದ್ಧಿ ನಿಂದು."

"ಬುದ್ಧಿ ಮಾತ್ರ ನಿಮ್ದು ಬ್ಯಾಡ ಕಣಿ" ಎಂದಳು. ಶುಕ್ರವಾರ ಸ್ವಾಮಿ ಸತ್ತ ದಿನ, ಬಟ್ಟೆ ನೀರಿಗೆ ಹಾಕುವಂತಿಲ್ಲ. ಶನಿವಾರ ಒಂದೇ ದಿನ ಉಳಿದಿತ್ತು. ಭಾನುವಾರ ಬೆಳಗ್ಗೆ ಏಳಕ್ಕೆ ಪೂಜೆ.

ಶನಿವಾರ ಬೆಳಗ್ಗೆ ಅವಳ ಮಂಚವನ್ನು ಹಿತ್ತಿಲ ಕಿಟಕಿಯ ಪಕ್ಕಕ್ಕೆ ಎಳೆದೆ. ಮಲಗಿದಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಒಂದು ತುಂಡು ಆಕಾಶ ಮಾತ್ರ. ಅಲ್ಲಿಂದಲೇ ಹುಕುಂ ಹೊರಟಿತು.

"ಮೊದ್ಲು ಚೌಕಾನೂ ಚಿಕ್ಕವನ್ನೂ ಬರೀ ನೀರ್ಗೆ ಹಾಕಿ. ಆ ನೀರ್ನ ಮೋರಿಗೆ ಬುಡ್ಬ್ಯಾಡಿ. ಪ್ರಸಾದದ ಕಣ ಇರ್ತದೆ. ಕಣಗಿಲೆ ಗಿಡದ ಬುಡಕ್ಕೆ ಉಯ್ರಿ, ಯಾರೂ ತುಳಿದೇ ಇರೋ ತಾವ."

"ಗೊತ್ತು ಗೊತ್ತು!" ಎಂದೆ. ಇಪ್ಪತ್ತಾರು ವರ್ಷ ಕಣ್ಣೆದುರೇ ನಡೆದದ್ದು, ಗೊತ್ತಿಲ್ಲವೇ? ಬಕೆಟ್ಟಿನಲ್ಲಿ ಬಟ್ಟೆ ಅದ್ದಿದೆ, ಜಾಲಿಸಿದೆ, ಎತ್ತಿ ಹಿಂಡಿದೆ. ಬಕೆಟ್ಟನ್ನು ಮೋರಿಗೆ ಬಗ್ಗಿಸಿದೆ. ನೀರು ಗೊಳಗೊಳ ಎಂದು ಹೋದ ಮೇಲೆ ನೆನಪಾಯಿತು!

"ನೀರು ಎಲ್ಲಿಗೆ ಉಯ್ದ್ರಿ?" ಕಿಟಕಿಯಿಂದ ಪ್ರಶ್ನೆ.

"ಗಿಡಕ್ಕೆ!"

ಅದು ಆ ದಿನದ ಮೊದಲ ಸುಳ್ಳು. ಸರಿದೂಗಿಸೋಣವೆಂದು ನಲ್ಲಿಯಿಂದ ಒಂದು ಬಿಂದಿಗೆ ನೀರು ಹಿಡಿದು ಕಣಗಿಲೆಗೆ ಸುರಿದೆ. ಟಿಕೆಟ್ಟಿಲ್ಲದವರನ್ನು ಮೂವತ್ತೊಂದು ವರ್ಷ ಹಿಡಿದವನು ದೇವರ ಬಸ್ಸಿನಲ್ಲೇ ಟಿಕೆಟ್ಟಿಲ್ಲದೆ ಹತ್ತಿದ್ದೆ.

ಎರಡನೆಯ ತಪ್ಪು ಗಂಜಿಯ ವಿಷಯದಲ್ಲಿ. ಚೌಕಕ್ಕೆ ಗಂಜಿ ಗಟ್ಟಿಯಾಗಿರಬೇಕು, ದೊಡ್ಡದಕ್ಕೆ ತೆಳ್ಳಗೆ, ಚಿಕ್ಕವಕ್ಕೆ ಬೇಡವೇ ಬೇಡ, ಏಕೆಂದರೆ ಅವು ಪಾತ್ರೆಯ ತೇವ ಹೀರಬೇಕು. ಇಷ್ಟೇ ನಿಯಮ. ನಾನು ಒಲೆಯ ಹತ್ತಿರ ಹೋಗಿ ಗಂಜಿ ಬಸಿದುಕೊಂಡು ಬರುವಷ್ಟರಲ್ಲಿ ನಿಯಮ ತಲೆಯಲ್ಲಿ ಸೀಟು ಬದಲಾಯಿಸಿತ್ತು. ಚಿಕ್ಕವನ್ನು ಗಟ್ಟಿ ಗಂಜಿಯಲ್ಲಿ ಮುಳುಗಿಸಿದೆ. ಒಣಗಿದ ಮೇಲೆ ನಾಲ್ಕೂ ಹಪ್ಪಳವಾದವು. ಒಂದನ್ನು ಗೋಡೆಗೆ ಒರಗಿಸಿದೆ, ನಿಂತುಕೊಂಡಿತು!

ಇಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು.

ಕೊನೆಗೆ ರಾಗಿ ತೆನೆಯ ಬಟ್ಟೆಯನ್ನು ಒಗೆದು ಹಗ್ಗಕ್ಕೆ ಹಾಕಿದೆ. ಸತ್ಯ ಹೇಳುತ್ತೇನೆ, ಚೆನ್ನಾಗಿಯೇ ಒಗೆದಿದ್ದೆ. ಬಿಸಿಲಿಗೆ ಬಟ್ಟೆ ಫಳಫಳ ಎನ್ನುತ್ತಿತ್ತು.

"ಕ್ಲಿಪ್ಪು ಹಾಕಿದ್ರಾ?"

"ಗಾಳೀನೇ ಇಲ್ಲ ಕಣೇ!"

"ಹಾಕಿ ಅಂದೆ."

"ಆಯ್ತು" ಎಂದು ಒಳಗೆ ಹೋಗಿ ಕಾಫಿ ಕುಡಿಯುತ್ತಾ ಕೂತೆ. ಎರಡನೆಯ ಗುಟುಕಿಗೆ ಬಾಗಿಲು ದಢಾರನೆ ಬಡಿದುಕೊಂಡಿತು. ಓಡಿ ಬಂದು ನೋಡಿದರೆ ಹಗ್ಗ ಖಾಲಿ.

ಹಾರಿದ ಬಟ್ಟೆಗೆ ಬೀಳಲು ಎಷ್ಟೊಂದು ಜಾಗವಿತ್ತು! ಹುಲ್ಲಿನ ಮೇಲೆ ಬೀಳಬಹುದಿತ್ತು, ಬೇಲಿಗೆ ಸಿಕ್ಕಬಹುದಿತ್ತು, ನನ್ನ ತಲೆಯ ಮೇಲೆಯೇ ಬಿದ್ದಿದ್ದರೂ ಸಂತೋಷವಾಗುತ್ತಿತ್ತು. ಅದು ಮೋಟು ಗೋಡೆ ದಾಟಿ ಪಕ್ಕದ ಮನೆಯ ಮಾದೇವಮ್ಮನ ಅಂಗಳಕ್ಕೆ ಹೋಗಿತ್ತು. ಅಲ್ಲಿ ಬೇಯಿಸಿದ ಅರಿಶಿನದ ಕೊಂಬನ್ನು ಅಂಗಳದ ತುಂಬ ಒಣಹಾಕಿದ್ದರು. ಹಸಿ ಬಟ್ಟೆ ಅದರ ಮೇಲೆ ಬೋರಲಾಗಿ, ಕೈಚಾಚಿ ಮಲಗಿತ್ತು. ಎತ್ತಿದರೆ ಅರ್ಧ ಬಟ್ಟೆ ಮದುಮಗಳ ಕೆನ್ನೆಯಾಗಿದೆ. ಮಾದೇವಮ್ಮ ಹೊಲಕ್ಕೆ ಹೋಗಿದ್ದಳು. ಕೇಳಲು ಯಾರೂ ಇರಲಿಲ್ಲ.

ತಪ್ಪು ಹೇಳಿದೆ. ಕೇಳಲು ಒಬ್ಬಳಿದ್ದಳು. ಹತ್ತು ಹೆಜ್ಜೆ ಆಚೆ, ಕಿಟಕಿಯ ಒಳಗೆ. ನಾನು ಕೇಳಲಿಲ್ಲ.

"ಒಣಗ್ತಾ ಅದಾ?" ಎಂದಳು.

"ಒಣಗ್ತಾ ಅದೆ!" ಎಂದು ಕೂಗಿ, ಬೆಕ್ಕಿನ ಹೆಜ್ಜೆ ಇಡುತ್ತಾ ಬಟ್ಟೆಯನ್ನು ಒಗೆಯುವ ಕಲ್ಲಿಗೆ ತಂದೆ. ಬಾರ್ ಸೋಪು ತಿಕ್ಕಿದೆ. ತಿಕ್ಕಿದ ಜಾಗ ಕೆಂಪಾಯಿತು. ಇನ್ನೂ ತಿಕ್ಕಿದೆ, ಇನ್ನೂ ಕೆಂಪಾಯಿತು! ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುತ್ತದೆ ಎಂದು ಆರತಿ ತಟ್ಟೆ ನೋಡಿದ ಮಗುವಿಗೂ ಗೊತ್ತು. ಸೋಪೂ ಸುಣ್ಣದ ನೆಂಟ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ. ಸ್ವಾಮಿ ಶಿಲುಬೆಯಲ್ಲಿ ಸತ್ತ ಮಾರನೆಯ ದಿನ ಅವನ ಪೀಠದ ಬಟ್ಟೆ ನನ್ನ ಕೈಯಲ್ಲಿ ರಕ್ತ ಸುರಿಸುತ್ತಿತ್ತು. ಕಲ್ಲಿನ ಮೇಲೆ, ಕಾಲ ಮೇಲೆ, ಬಕೆಟ್ಟಿನೊಳಗೆ ಎಲ್ಲೆಲ್ಲೂ ಕೆಂಪು ನೀರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೆದರಿದ ಮನುಷ್ಯ ಸುಮ್ಮನೆ ಕೂರಬೇಕು. ನಾನು ಬುದ್ಧಿ ಉಪಯೋಗಿಸಿದೆ. ಮೋರಿಗೆ ಹಾಕಲು ತಂದಿಟ್ಟಿದ್ದ ಬ್ಲೀಚಿಂಗ್ ಪುಡಿ ನೆನಪಾಯಿತು. ಒಂದು ಚಮಚ ಸಾಕಾಗುತ್ತಿತ್ತೋ ಏನೋ, ಅರ್ಧ ಡಬ್ಬ ಬಿಸಿನೀರಿಗೆ ಸುರಿದೆ. ತೆನೆಗಳ ದಾರಕ್ಕೆ ಬಣ್ಣ ಗಟ್ಟಿಯಾಗಿ ಹಿಡಿದಿದ್ದರಿಂದ ಅಲ್ಲಿಗೆ ಪುಡಿಯನ್ನೇ ಹಿಟ್ಟಿನಂತೆ ಮೆತ್ತಿದೆ. ಬಟ್ಟೆ ಮುಳುಗಿಸಿ ಮೇಲೊಂದು ಕಲ್ಲು ಹೇರಿದೆ. ಕಣ್ಣು ಉರಿಯಿತು, ಕೆಮ್ಮು ಬಂತು.

"ಯಾಕೆ ಕೆಮ್ತಿದ್ದೀರಿ?"

"ಬೀಡಿ!"

"ಬೀಡಿ ಬುಟ್ಟು ಹತ್ತೊರ್ಸ ಆಯ್ತಲ್ಲ."

"ಅದೇ, ಹಳೇ ಕೆಮ್ಮು!"

ಮಧ್ಯಾಹ್ನ ಅವಳಿಗೆ ಉಣ್ಣಿಸಿ ಬಂದು ಕಲ್ಲು ತೆಗೆದೆ. ಬಿಳಿ! ಹಾಲಿನಂಥ ಬಿಳಿ! ನಾನು ಅಲ್ಲೇ ನಿಂತು ಒಂದು ಕುಣಿತ ಹಾಕಿದೆ. ಅರವತ್ತೈದು ವರ್ಷದ ಮೊಣಕಾಲು ಬೇಡವೆಂದರೂ ಕೇಳಲಿಲ್ಲ. ಆಮೇಲೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಹಿಂಡಿದೆ.

ಪರ್ ಎಂದಿತು.

ಬಿಡಿಸಿ ನೋಡಿದೆ. ಹಸಿರು ದಾರವಿಲ್ಲ, ಕಂದು ದಾರವಿಲ್ಲ. ಅಂಚಿನ ಉದ್ದಕ್ಕೂ ತೆನೆಯಿದ್ದ ಜಾಗದಲ್ಲೆಲ್ಲ ತೂತು. ಬೆರಳು ತಗುಲಿದ ಕಡೆ ಬಟ್ಟೆ ನೆನೆದ ಕಾಗದದ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಇಪ್ಪತ್ತನಾಲ್ಕರಲ್ಲಿ ಮೂಲೆಯದೊಂದು ತೆನೆ ಮಾತ್ರ ಅರ್ಧ ಉಳಿದಿತ್ತು.

ಮಾದೇವಮ್ಮ ಹೊಲದಿಂದ ಬಂದವಳು ಗೋಡೆಯ ಮೇಲಿಂದ ಇಣುಕಿದಳು. ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ನನ್ನನ್ನೂ ಮಡಿಲಲ್ಲಿದ್ದ ಬಟ್ಟೆಯನ್ನೂ ನೋಡಿದಳು.

"ಏನ್ ಕಂಡಕ್ಟ್ರಣ್ಣ ಇದು?"

ಹೇಳಿದೆ.

"ಅಯ್ಯೋ ಶಿವನೇ! ಅರಿಸ್ನಕ್ಕೆ ಯಾರಾದ್ರೂ ಇಷ್ಟು ಗುದ್ದಾಡ್ತಾರಾ? ಬರೀ ನೀರಲ್ಲಿ ಜಾಲಿಸಿ ಬಿಸ್ಲಿಗೆ ಆಕ್ಬುಟ್ಟಿದ್ರೆ ಆಗಿರೋದು. ಅರಿಸ್ನದ ಬಣ್ಣವ ಬಿಸ್ಲೇ ತಿಂದ್ಕೋತದೆ. ಎರಡು ಜಿನದ ಬಿಸ್ಲು, ಅಷ್ಟೇ ಕಣಣ್ಣ. ನಮ್ಮ ಸೀರೆಗಳೆಲ್ಲ ಇನ್ನೆಂಗೆ ಅಂದ್ಕಂಡಿದ್ದೀಯ?"

ತಲೆಯ ಮೇಲೆ ಚೈತ್ರದ ಸೂರ್ಯ ಯಾವ ಟಿಕೆಟ್ಟೂ ಕೇಳದೆ ಬೆಳಗ್ಗೆಯಿಂದ ಸುಡುತ್ತಿದ್ದ. ಎಲ್ಲ ಮಾಡಿದವನು ನಾನು, ಮಾಡದೆ ಬಿಟ್ಟದ್ದು ಅದೊಂದೇ.

"ಏನೂಂದ್ರೆ" ಎಂದಳು ಲೂರ್ದಮ್ಮ ಕಿಟಕಿಯಿಂದ. "ತನ್ನಿ ಇಲ್ಲಿ."

"ಇನ್ನೂ ಹಸಿ ಅದೆ..."

"ತನ್ನಿ. ನಂಗೆ ಲಕ್ವ ಒಡೆದಿರಾದು ಕೈಗೆ. ಮೂಗ್ಗಲ್ಲ."

ನಾನು ಒಳಗೆ ಹೋಗಿ ಬಟ್ಟೆಯನ್ನು ಅವಳ ಎದೆಯ ಮೇಲೆ ಹಾಸಿದೆ. ಅವಳು ಎಡಗೈಯಿಂದ ಅಂಚು ಹಿಡಿದು, ಜಪಸರ ಎಣಿಸುವ ಹಾಗೆ ಒಂದೊಂದೇ ತೂತನ್ನು ಮುಟ್ಟುತ್ತಾ ಹೋದಳು. ಮೂಲೆಯ ಅರ್ಧ ತೆನೆಗೆ ಬಂದು ಬೆರಳು ನಿಂತಿತು. ಅವಳು ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಲವತ್ತು ವರ್ಷ ಬಯ್ಯಿಸಿಕೊಂಡು ಗಟ್ಟಿಯಾದ ಚರ್ಮ ನನ್ನದು.

"ಕುಯ್ಲು ಆಯ್ತು ಅಂದ್ಕಳಿ" ಎಂದಳು.

ನನಗೆ ತಡೆಯಲಾಗಲಿಲ್ಲ. ಮಂಚದ ಕಾಲು ಹಿಡಿದು ಮಗುವಿನ ಹಾಗೆ ಅತ್ತೆ. ಬಾಗಿಲಲ್ಲಿ ನಿಂತಿದ್ದ ಮಾದೇವಮ್ಮ ಸೆರಗು ಬಾಯಿಗೆ ಹಿಡಿದು ಆಚೆ ಹೋದಳು.

"ಮೊದಲ್ನೇ ನೀರು ಮೋರಿಗೆ ಓಗಿದ್ದು ಕೇಳಿಸ್ತು" ಎಂದಳು ಲೂರ್ದಮ್ಮ, ನಿಧಾನವಾಗಿ. "ಬ್ಲೀಚಿಂಗ್ ವಾಸ್ನೇನೂ ಬಂತು."

"ಮತ್ತೆ ಯಾಕೆ ಕೂಗ್ಲಿಲ್ಲ ಮಾರಾಯ್ತಿ! ಒಂದು ಮಾತು ಕೂಗಿದ್ರೆ ನಿಲ್ಲಿಸ್ತಿದ್ನಲ್ಲ!"

"ಮೋರಿ ತೊಳೀತಿದ್ದೀರಿ ಅಂದ್ಕಂಡೆ. ನನ್ ಬಟ್ಟೆಗೆ ಆಕ್ತೀರಿ ಅಂತ ನಂಬಕ್ಕೆ ಆಗ್ನಿಲ್ಲ ಕಣಿ."

ನನ್ನ ಬುದ್ಧಿಯ ಬಗ್ಗೆ ಅವಳಿಗೆ ಇಷ್ಟು ಗೌರವ ಇತ್ತೆಂದು ಮದುವೆಯಾದ ಮೇಲೆ ಗೊತ್ತಾದದ್ದು ಅದೇ ಮೊದಲು. ಅದೂ ತಪ್ಪು ದಿನ.

ಭಾನುವಾರ ಬೆಳಗ್ಗೆ ಲೂರ್ದಮ್ಮನ ಹತ್ತಿರ ಮಾದೇವಮ್ಮನನ್ನು ಕೂರಿಸಿ, ಮೊದಲ ಬಸ್ಸು ಹಿಡಿದು ಚರ್ಚಿಗೆ ಹೋದೆ. ನಡೆದದ್ದನ್ನು ಫಾದರಿಗೆ ಹೇಳಿದೆ. ಅವರು ಕಪಾಟಿನ ತಳದಿಂದ ಪಾಲಿಯೆಸ್ಟರ್ ಬಟ್ಟೆಯೊಂದನ್ನು ಹೊರಗೆ ತೆಗೆದರು. ಯಾರೋ ಪುಣ್ಯಾತ್ಮರು ಕೊಟ್ಟಿದ್ದು, ಇಸ್ತ್ರಿ ಬೇಡ, ಸುಕ್ಕಿಲ್ಲ, ಅಂಚಿಗೆ ಪ್ಲಾಸ್ಟಿಕ್ಕಿನಂಥ ಲೇಸು. "ದೇವ್ರೇನು ಓಟ್ಲು ಮಡಗವ್ನಾ?" ಎಂದು ಲೂರ್ದಮ್ಮ ಅದನ್ನು ವರ್ಷಗಟ್ಟಲೆ ತಳದಲ್ಲೇ ಒತ್ತಿಟ್ಟಿದ್ದಳು. ಪಾಸ್ಕದ ದಿನ ಅದು ಪೀಠ ಹತ್ತಿತು.

ಪೂಜೆಯಲ್ಲಿ ಫಾದರ್ ಚೌಕ ಬಿಡಿಸಿದರು. ಮೂರಕ್ಕೆ ಮೂರು, ಒಂಬತ್ತು ಮಡಿಕೆ ಇರಬೇಕಾದದ್ದನ್ನು ನಾನು ಕರ್ಚೀಫಿನಂತೆ ನಾಲ್ಕು ಮಡಿಕೆ ಮಾಡಿ, ಅದನ್ನೂ ತಿರುಗಾ ಮುರುಗಾ ಇಸ್ತ್ರಿ ಹಾಕಿದ್ದೆ. ಕೊನೆಯಲ್ಲಿ ಅವರು ಪಾತ್ರೆ ಒರೆಸಲು ಚಿಕ್ಕದನ್ನು ಎತ್ತಿಕೊಂಡರು. ನಿಶ್ಶಬ್ದ ಚರ್ಚಿನಲ್ಲಿ ಕರಕರ ಎಂದು ಸದ್ದಾಯಿತು! ಹಿಂದಿನ ಸಾಲಿನಲ್ಲಿದ್ದ ಮಕ್ಕಳು ಯಾರೋ ಹಪ್ಪಳ ಮುರಿಯುತ್ತಿದ್ದಾರೆಂದು ಕತ್ತೆತ್ತಿ ನೋಡಿದರು. ಹೀರಬೇಕಾದ ತೇವ ಹೀರದೆ ಫಾದರಿನ ಬೆರಳಿಗಿಳಿಯಿತು. ನಾನು ಬೆಂಚಿನ ಕೆಳಗೆ ಏನೋ ಬಿದ್ದವನಂತೆ ಹುಡುಕುತ್ತಾ ಕೂತೆ. ಬಿದ್ದದ್ದು ಮಾನ, ಸಿಗಲಿಲ್ಲ.

ಪೂಜೆ ಆದ ಮೇಲೆ ಫಾದರ್ ನನ್ನ ಹೆಗಲ ಮೇಲೆ ಕೈಯಿಟ್ಟರು. "ಇನ್ನು ಮೇಲೆ ಲಾಂಡ್ರಿಗೇ ಕೊಡೋಣ, ಚೌರಪ್ಪನವರೇ. ಬೇಸರ ಮಾಡಬೇಡಿ."

"ಇಲ್ಲ ಫಾದರ್."

"ಹರಿದ ಬಟ್ಟೆಯನ್ನು ಒರೆಸಲು, ಗಿರೆಸಲು ಬಳಸುವಂತಿಲ್ಲ. ಮಂತ್ರಿಸಿದ್ದು. ಸುಟ್ಟು ಬೂದಿಯನ್ನು ಯಾರೂ ತುಳಿಯದ ಮಣ್ಣಿಗೆ ಹಾಕಬೇಕು. ಲೂರ್ದಮ್ಮನವರಿಗೆ ಗೊತ್ತಿರುತ್ತೆ."

ಗೊತ್ತಿತ್ತು. ಸೋಮವಾರ ಬೆಳಗ್ಗೆ ಹಿತ್ತಿಲಲ್ಲಿ ಒಂದು ಬಾಣಲೆ ಇಟ್ಟೆ. ಲೂರ್ದಮ್ಮನನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದೆ. ಬಟ್ಟೆಯನ್ನು ಉಂಡೆ ಮಾಡಿ ಬಾಣಲೆಗೆ ಹಾಕಹೊರಟವನನ್ನು ತಡೆದಳು.

"ಮಡಿಸಿ ಆಕಿ."

"ಸುಡಕ್ಕಾ?"

"ಹೂಂ. ಅಂಚ್ನ ಒಳಕ್ಕೆ ತನ್ನಿ. ಒಳಗಿರಾದು ಒಳ್ಗೇ ಇರ್ಬೇಕು, ಒಂದು ಕಣಾನೂ ಚೆಲ್ಬಾರ್ದು. ಇತ್ಲಾಗಿಂದ ಮೂರ್ನೇ ಪಾಲು. ಆಂ, ಅಂಗೆ. ಈಗ ಅತ್ಲಾಗಿಂದ."

ಮಡಿಲ ಮೇಲೆ ಹರಡಿಕೊಂಡು, ಎಡಗೈ ಬೆರಳಿಂದ ಗೆರೆ ಎಳೆದು ತೋರಿಸಿದಳು. ಅವಳು ಎಳೆದ ಗೆರೆಯ ಮೇಲೆ ನಾನು ಮಡಿಸಿದೆ. ತಪ್ಪಾದರೆ ಬಿಡಿಸಿದೆ, ಮತ್ತೆ ಮಡಿಸಿದೆ. ತೂತುಗಳೆಲ್ಲ ಒಳಗೆ ಹೋದವು. ಅರ್ಧ ತೆನೆ ಮೇಲೆ ಬಂತು. ಅವಳು ಅದರ ಮೇಲೆ ಒಮ್ಮೆ ಅಂಗೈಯಿಟ್ಟು, "ಈಗ ಸರಿ" ಎಂದಳು. ನನ್ನ ಜೀವಮಾನದಲ್ಲಿ ಒಂದು ಬಟ್ಟೆಯನ್ನು ಸರಿಯಾಗಿ ಮಡಿಸಿದೆ. ಬೆಂಕಿಗೆ ಹಾಕಲು!

ಬೂದಿಯನ್ನು ನೀರಿಗೆ ಕಲಸಿದೆ. ಅವಳು ಎಡಗೈಯಲ್ಲೇ ಚೊಂಬು ಹಿಡಿದು ಕಣಗಿಲೆ ಗಿಡದ ಬುಡಕ್ಕೆ ಸುರಿದಳು. ಚೊಂಬು ವಾಲಿ ಅರ್ಧ ನನ್ನ ಕಾಲ ಮೇಲೆ ಬಿತ್ತು. "ಅಲ್ಲಾಡ್ಬ್ಯಾಡಿ, ತುಳಿದ್ಬುಟ್ಟೀರಿ" ಎಂದಳು. ಮಣ್ಣು ಹೀರಿಕೊಳ್ಳುವವರೆಗೂ ಹಾಗೇ ಒಂದೇ ಕಡೆ ನಿಂತಿದ್ದೆ.

ಇಪ್ಪತ್ತಾರು ವರ್ಷದ ಕೆಲಸವನ್ನು ಒಂದೇ ಶನಿವಾರದಲ್ಲಿ ಮುಗಿಸಿಕೊಟ್ಟ ಕೀರ್ತಿ ನನ್ನದು. ಚೀಲ ಈಗ ಗುಂಡ್ಲುಪೇಟೆಯಿಂದ ಚಾಮರಾಜನಗರದ ಲಾಂಡ್ರಿಗೆ ಬಸ್ಸಿನಲ್ಲಿ ಹೋಗುತ್ತದೆ. ತೆರಕಣಾಂಬಿಯ ಮೇಲೆಯೇ ಹೋಗುತ್ತದೆ, ಇಳಿಯುವುದಿಲ್ಲ. ಶನಿವಾರ ಬೆಳಗ್ಗೆ ಬಸ್ಸಿನ ಹಾರನ್ ಕೇಳಿದರೆ ಲೂರ್ದಮ್ಮ ಆ ಕಡೆ ಕತ್ತು ತಿರುಗಿಸುತ್ತಾಳೆ.

ಆಮೇಲೆ ನನ್ನ ಒಗೆದ ಕರ್ಚೀಫುಗಳನ್ನು ಮಂಚದ ಮೇಲೆ ಹರಡಿಸುತ್ತಾಳೆ. ಮೂರಕ್ಕೆ ಮೂರು, ಒಂಬತ್ತು ಮಡಿಕೆ, ಅಂಚು ಒಳಕ್ಕೆ. ನಾನು ಮಡಿಸುತ್ತೇನೆ. ಅವಳು ಎಡಗೈಯಲ್ಲಿ ಎತ್ತಿ ನೋಡಿ, ತಲೆಯಲ್ಲಾಡಿಸಿ, ಪಟಪಟನೆ ಕೊಡವಿ ಮತ್ತೆ ನನ್ನ ಮುಂದೆ ಎಸೆಯುತ್ತಾಳೆ. ಮೂಗು ಒರೆಸಿಕೊಳ್ಳುವ ಬಟ್ಟೆಗೆ ಇಷ್ಟು ಶಿಸ್ತು ಯಾಕೆ ಎಂದು ನಾನು ಕೇಳಿಲ್ಲ. ಕೇಳುವ ಯೋಗ್ಯತೆಯೂ ಬಂದಿಲ್ಲ. ಇಷ್ಟು ವಾರವಾಯಿತು, ಇನ್ನೂ ಪಾಸಾಗಿಲ್ಲ.